ಲಂಚದ ಲೆಕ್ಕದಲ್ಲಿ ನಮ್ಮ ಪಾಲೆಷ್ಟು?

2021ರ ಅಕ್ಟೋಬರ್ 3ರಂದು ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಆಯ್ಕೆ ಪಟ್ಟಿ ಹೊರಬಿದ್ದ ಮೇಲೆ ಅನುಮಾನ ಎದ್ದು ಸಿಐಡಿ ತನಿಖೆ ಶುರುವಾಯಿತು. ಕೆಲವರು ಒಎಂಆರ್ ಹಾಳೆಯಲ್ಲಿ ಒಂದಿಷ್ಟು ಉತ್ತರಗಳನ್ನಷ್ಟೇ ಗುರುತಿಸಿ ಉಳಿದದ್ದನ್ನು ಖಾಲಿ ಬಿಟ್ಟು ಬಂದಿದ್ದರು, ಆ ಖಾಲಿ ವೃತ್ತಗಳನ್ನು ಆಮೇಲೆ ಬೇರೆಯವರು ತುಂಬಿದ್ದರು ಎಂಬುದು ಆರೋಪ. ಕಲಬುರಗಿಯ ಒಂದು ಶಾಲೆಯಲ್ಲಿ ಸಿಕ್ಕ ಎಳೆ ಹಿಡಿದು ಹೊರಟ ತನಿಖೆ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯ ಬಂಧನದವರೆಗೂ ಹೋಯಿತು. 2022ರ ಏಪ್ರಿಲ್ ಕೊನೆಗೆ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಆ ದಿನಗಳಲ್ಲಿ ಊರೂರಿನ ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲಿ ಜನ ಬೈದದ್ದು ಅಧಿಕಾರಿಗಳನ್ನು, ರಾಜಕಾರಣಿಗಳನ್ನು. ಬೈಗುಳಕ್ಕೆ ಅವರು ಅರ್ಹರೇ. ಆದರೆ ಒಂದೊಂದು ಹುದ್ದೆಗೆ ಹತ್ತಾರು ಲಕ್ಷ ರೂಪಾಯಿ ಸಂದಾಯವಾಗಿತ್ತು ಎಂಬ ಆರೋಪದಲ್ಲಿ ಇನ್ನೊಂದು ಪಕ್ಷವೂ ಇದೆ. ಅಷ್ಟು ಹಣ ಓದುತ್ತಿರುವ ಹುಡುಗನ ಜೇಬಿನಲ್ಲಿ ಇರುವುದಿಲ್ಲ. ಅಪ್ಪ ಹೊಲ ಮಾರಬೇಕು, ಅಮ್ಮ ಒಡವೆ ಅಡವಿಡಬೇಕು, ಸೋದರಮಾವ ಕೈಗಡ ಕೊಡಬೇಕು. ಅಂದರೆ ಒಂದು ಮನೆಯವರೆಲ್ಲ ಕೂತು, ಮಾತಾಡಿ, ಒಪ್ಪಿ ಮಾಡುವ ಕೆಲಸ ಇದು. ಹಾಗೆ ಕೂತ ಮನೆಯಲ್ಲಿ ಯಾರೂ ತಮ್ಮನ್ನು ಭ್ರಷ್ಟರೆಂದು ಎಣಿಸಿಕೊಂಡಿರುವುದಿಲ್ಲ. ‘ಎಲ್ಲರೂ ಕೊಡ್ತಾರೆ, ನಾವು ಕೊಡದಿದ್ರೆ ನಮ್ಮ ಹುಡುಗನ ಗತಿ ಏನು’ ಎನ್ನುವುದಷ್ಟೇ ಅವರ ಲೆಕ್ಕ. ಪಕ್ಕದ ಮನೆಯಲ್ಲಿ ಮೂರು ವರ್ಷ ಲೈಬ್ರರಿಯಲ್ಲಿ ಕೂತು ಓದಿದ ಹುಡುಗಿಯ ಸೀಟನ್ನು ತಾವು ದುಡ್ಡು ಕೊಟ್ಟು ಕಸಿದುಕೊಳ್ಳುತ್ತಿದ್ದೇವೆ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಹಾಗಾದರೆ ಭ್ರಷ್ಟಾಚಾರದಲ್ಲಿ ಸಾಮಾನ್ಯ ನಾಗರಿಕನ ಹೊಣೆ ಎಷ್ಟು? ‘ಜನ ಕೊಡೋದಕ್ಕೇ ಅವರು ತಗೊಳ್ತಾರೆ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರೆ ತಪ್ಪಾಗುತ್ತದೆ. ‘ಪಾಪ, ಜನ ಏನು ಮಾಡ್ತಾರೆ’ ಎಂದು ಬಿಟ್ಟುಬಿಟ್ಟರೂ ತಪ್ಪೇ. ಲಂಚ ಒಂದೇ ಬಗೆಯದಲ್ಲ. ಯಾವ ಲಂಚದಲ್ಲಿ ನಾವು ಸಿಕ್ಕಿಬಿದ್ದವರು, ಯಾವುದರಲ್ಲಿ ನಾವೇ ಪಾಲುದಾರರು ಎಂದು ಬಿಡಿಸಿ ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಸುಲಿಗೆ ಬೇರೆ, ಖರೀದಿ ಬೇರೆ

2011ರಲ್ಲಿ ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಒಂದು ಟಿಪ್ಪಣಿ ಬರೆದರು. ನಿಮಗೆ ಹಕ್ಕಾಗಿ ಸಿಗಬೇಕಾದದ್ದನ್ನು ತಡೆಹಿಡಿದು ವಸೂಲಿ ಮಾಡುವ ಹಣವನ್ನು ಅವರು ಕಿರುಕುಳದ ಲಂಚ ಎಂದು ಕರೆದು, ನಿಮಗೆ ಸಲ್ಲದ್ದನ್ನು ಪಡೆಯಲು ನೀವು ಕೊಡುವ ಹಣದಿಂದ ಅದನ್ನು ಬೇರ್ಪಡಿಸಿದರು. ಮೊದಲನೆಯದರಲ್ಲಿ ಕೊಟ್ಟವನನ್ನು ಅಪರಾಧಿ ಎಂದು ಕಾಣಬಾರದು, ಹಣವೂ ಅವನಿಗೆ ವಾಪಸ್ ಸಿಗಬೇಕು ಎಂಬುದು ಅವರ ಸಲಹೆ. ಹಾಗಾದರೆ ಕೊಟ್ಟವನು ನಿರ್ಭಯವಾಗಿ ದೂರು ಕೊಡುತ್ತಾನೆ. ದೂರು ಬಂದೀತೆಂಬ ಅಳುಕಿನಿಂದ ತೆಗೆದುಕೊಳ್ಳುವವನು ಹಿಂಜರಿಯುತ್ತಾನೆ. ಇದು ಲಂಚ ಕೊಡುವುದನ್ನೇ ಒಪ್ಪಿದಂತೆ ಎಂದು ಹಲವರು ಸಿಟ್ಟಾದರು. ಸಲಹೆ ಸರಿಯೋ ತಪ್ಪೋ, ಆ ವಿಂಗಡಣೆ ಮಾತ್ರ ಬಹಳ ಉಪಯೋಗದ್ದು.

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮಗುವನ್ನು ತೋರಿಸಲು ದುಡ್ಡು ಕೇಳುವುದು, ವಿಧವಾ ಪಿಂಚಣಿಯ ಅರ್ಜಿಯನ್ನು ತಿಂಗಳುಗಟ್ಟಲೆ ಕದಲಿಸದೆ ಇಡುವುದು, ಜಾತಿ ಪ್ರಮಾಣಪತ್ರಕ್ಕೆ ಬಂದವರನ್ನು ‘ನಾಳೆ ಬನ್ನಿ’ ಎಂದು ಅಲೆಸುವುದು ಇವೆಲ್ಲ ಸುಲಿಗೆ. ದಿನಗೂಲಿ ಬಿಟ್ಟು ತಾಲ್ಲೂಕು ಆಫೀಸಿಗೆ ಬಂದ ಹೆಣ್ಣುಮಗಳು ಮತ್ತೆ ಮೂರು ಸಲ ಬಂದರೆ ಮೂರು ದಿನದ ಕೂಲಿ ಹೋಗುತ್ತದೆ. ಇನ್ನೂರು ರೂಪಾಯಿ ಕೊಟ್ಟು ಕೆಲಸ ಮುಗಿಸಿಕೊಂಡು ಹೋದರೆ ಅವಳ ಮೇಲೆ ಹೊಣೆ ಹೊರಿಸುವುದು ಅನ್ಯಾಯ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆ ಇಂಥವರ ಪಾಡಿಗೆ ಸರಿಯಾಗಿ ಒಪ್ಪುತ್ತದೆ.

ಪಿಎಸ್‌ಐ ಹುದ್ದೆಗೆ ಹಣ ಕಟ್ಟುವುದು ಎರಡನೆಯ ಜಾತಿಗೆ ಸೇರಿದ್ದು. ಪ್ಲ್ಯಾನ್‌ನಲ್ಲಿಲ್ಲದ ಮಹಡಿ ಏರಿಸಿ ಎಂಜಿನಿಯರ್ ಕೈಗೆ ಕವರ್ ಕೊಡುವುದು, ರಾಜಕಾಲುವೆಯ ಮೇಲೆ ಕಾಂಪೌಂಡ್ ಎಳೆದು ಸರ್ವೆಯರ್‌ನನ್ನು ‘ನೋಡಿಕೊಳ್ಳುವುದು’, ಕಾರು ಮನೆ ಎಲ್ಲ ಇದ್ದೂ ಬಿಪಿಎಲ್ ಕಾರ್ಡ್ ಮಾಡಿಸಿಕೊಳ್ಳುವುದು ಕೂಡ ಅದೇ ಸಾಲಿನವು. ಇಲ್ಲಿ ಕೊಟ್ಟವನೂ ಗೆಲ್ಲುತ್ತಾನೆ, ತೆಗೆದುಕೊಂಡವನೂ ಗೆಲ್ಲುತ್ತಾನೆ. ಸೋತವರು ಆ ಕೋಣೆಯಲ್ಲಿ ಇರುವುದೇ ಇಲ್ಲ. ಅದಕ್ಕೇ ಇಂಥ ಲಂಚದ ಬಗ್ಗೆ ದೂರು ಬರುವುದಿಲ್ಲ, ಬಲೆಗೆ ಯಾರೂ ಬೀಳುವುದಿಲ್ಲ. ಪತ್ರಿಕೆಯಲ್ಲಿ ನಾವು ಓದುವ ಐದು ಸಾವಿರ, ಹತ್ತು ಸಾವಿರದ ಲೋಕಾಯುಕ್ತ ಪ್ರಕರಣಗಳು ಬಹುತೇಕ ಸುಲಿಗೆಯವು. ಖರೀದಿಯ ದೊಡ್ಡ ಮೊತ್ತಗಳು ಹೊರಬರಬೇಕಾದರೆ ಎಲ್ಲೋ ಪಾಲುದಾರರ ನಡುವೆ ಜಗಳವಾಗಬೇಕು, ಇಲ್ಲವೇ ಯಾವುದೋ ಕಟ್ಟಡ ಬೀಳಬೇಕು.

ಕಟ್ಟಡಗಳು ಬಿದ್ದೂ ಇವೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಅಕ್ರಮವಾಗಿ ಏರಿಸುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು ಒಂಬತ್ತು ಕಾರ್ಮಿಕರು ಸತ್ತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಕ್ಷೆಯಂತೆ ಕಟ್ಟಿದ್ದಕ್ಕೆ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಹೇಳಿತು. ರಾಜ್ಯದಲ್ಲಿ ಅದು ಜಾರಿಗೆ ಬಂದಾಗ ಎದ್ದ ಕೂಗು ನೆನಪಿದೆಯೇ? ಸಾವಿರಾರು ಮನೆಗಳಿಗೆ ಕರೆಂಟ್ ಸಿಗದಾಯಿತು. ಕೊನೆಗೆ ಸಣ್ಣ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಡಬೇಕಾಯಿತು. ಬಡವರ ಪುಟ್ಟ ಮನೆಗಳ ಕಷ್ಟ ನಿಜ. ಆದರೆ ನಿಯಮ ಮೀರುವುದು ಒಬ್ಬಿಬ್ಬರ ಚಾಳಿಯಾಗಿ ಉಳಿದಿಲ್ಲ, ಇಡೀ ಊರು ಹಾಗೆಯೇ ಬೆಳೆದಿದೆ ಎಂಬುದನ್ನೂ ಆ ಕೂಗು ತೋರಿಸಿತು. ಮೀರಿ ಕಟ್ಟಿದ ಪ್ರತಿ ಅಡಿಯ ಹಿಂದೆ ಅದನ್ನು ನೋಡಿಯೂ ನೋಡದಂತೆ ಹೋದ ಒಬ್ಬ ಅಧಿಕಾರಿ ಇದ್ದಾನೆ, ನಿಜ. ಅದನ್ನು ಕಟ್ಟಿಸಿದ ಒಬ್ಬ ಮಾಲೀಕನೂ ಇದ್ದಾನೆ.

ಏಜೆಂಟನ ಕೈಯಲ್ಲಿ ಆಗುವುದೇನು

ಸುಲಿಗೆ ಮತ್ತು ಖರೀದಿಯ ನಡುವಿನ ಗೆರೆ ಅಳಿಸಿಹೋಗುವ ಜಾಗ ಆರ್‌ಟಿಒ ಆಫೀಸಿನ ಹೊರಗಿನ ಏಜೆಂಟನ ಮೇಜು. ದೆಹಲಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆಯಲು ಬಂದ 822 ಮಂದಿಯನ್ನು ಹಿಂಬಾಲಿಸಿ ಸೆಂಧಿಲ್ ಮುಲ್ಲೈನಾಥನ್ ಮತ್ತು ಇತರ ಮೂವರು ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅರ್ಜಿದಾರರನ್ನು ಮೂರು ಗುಂಪು ಮಾಡಿದ್ದರು. ಬೇಗ ಲೈಸೆನ್ಸ್ ತಂದರೆ ಬಹುಮಾನ ಎಂದು ಒಂದು ಗುಂಪಿಗೆ ಹೇಳಿದರು, ಇನ್ನೊಂದು ಗುಂಪಿಗೆ ಉಚಿತವಾಗಿ ಡ್ರೈವಿಂಗ್ ಕಲಿಸಿದರು, ಮೂರನೆಯದನ್ನು ಅದರ ಪಾಡಿಗೆ ಬಿಟ್ಟರು. ಲೈಸೆನ್ಸ್ ಸಿಕ್ಕವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೇ ಹಾಜರಾಗಿರಲಿಲ್ಲ. ಆಮೇಲೆ ಸಂಶೋಧಕರೇ ಬೇರೆಯಾಗಿ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಿಗೆ ಗಾಡಿ ಓಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಅಧಿಕೃತ ಶುಲ್ಕ ಸುಮಾರು 450 ರೂಪಾಯಿ ಇದ್ದಾಗ ಅವರು ಸರಾಸರಿ ಅದರ ಎರಡೂವರೆ ಪಟ್ಟು ಖರ್ಚು ಮಾಡಿದ್ದರು.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದು: ಹೆಚ್ಚುವರಿ ಹಣ ನೇರವಾಗಿ ಯಾವ ಅಧಿಕಾರಿಯ ಕೈಗೂ ಹೋಗಿರಲಿಲ್ಲ, ಎಲ್ಲವೂ ಏಜೆಂಟನ ಮೂಲಕವೇ. ಏಜೆಂಟನಿಲ್ಲದೆ ಹೋದವರನ್ನು ಅಧಿಕಾರಿಗಳು ಗಾಡಿ ಓಡಿಸಲು ಬರುತ್ತದೋ ಇಲ್ಲವೋ ನೋಡದೆ ಬೇಕಾಬಿಟ್ಟಿ ಫೇಲ್ ಮಾಡುತ್ತಿದ್ದರು. ಹಾಗಾಗಿ ಓಡಿಸಲು ಬರುವವನಿಗೂ ಏಜೆಂಟ್ ಬೇಕಾಗುತ್ತಿದ್ದ. ಅವನ ಮಟ್ಟಿಗೆ ಅದು ಸುಲಿಗೆ. ಓಡಿಸಲು ಬಾರದವನೂ ಅದೇ ಮೇಜಿಗೆ ಅದೇ ದುಡ್ಡು ಕೊಟ್ಟು ಲೈಸೆನ್ಸ್ ಒಯ್ಯುತ್ತಿದ್ದ. ಅವನ ಮಟ್ಟಿಗೆ ಅದು ಖರೀದಿ. ಇಬ್ಬರೂ ಮನೆಗೆ ಹೋಗಿ ಹೇಳುವುದು ಒಂದೇ ಮಾತು: ‘ಏಜೆಂಟ್‌ಗೆ ಕೊಟ್ಟೆ, ಮಾಡಿಸಿಕೊಟ್ಟ.’ ಏಜೆಂಟನ ದೊಡ್ಡ ಉಪಕಾರ ಇದೇ. ಲಂಚ ಕೊಟ್ಟೆ ಎಂದು ಯಾರಿಗೂ ಅನಿಸದಂತೆ ಅವನು ನೋಡಿಕೊಳ್ಳುತ್ತಾನೆ.

ಸ್ವಲ್ಪ ದುಡ್ಡು ಕೊಟ್ಟರೆ ಫೈಲು ಬೇಗ ಓಡುತ್ತದೆ, ಅದರಿಂದ ನಷ್ಟವೇನು ಎಂದು ವಾದಿಸುವವರಿದ್ದಾರೆ. ಭ್ರಷ್ಟಾಚಾರ ತಡೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಸಂತಾನಂ ಸಮಿತಿ 1964ರಲ್ಲೇ ಈ ವಾದದ ಬುಡಕ್ಕೆ ಕೈ ಹಾಕಿತ್ತು. ಹಣ ಬರಲೆಂದೇ ಎಷ್ಟೋ ಸಲ ವಿಳಂಬವನ್ನು ಬೇಕೆಂದು ಸೃಷ್ಟಿಸುತ್ತಾರೆ ಎಂದು ಅದು ದಾಖಲಿಸಿತು. ಕೊಡಬಲ್ಲವರು ಕೊಟ್ಟು ಮುಂದೆ ಹೋದಷ್ಟೂ ಕೊಡಲಾರದವರ ಸರದಿ ಹಿಂದೆ ಸರಿಯುತ್ತದೆ. ನನಗೆ ಐನೂರು ರೂಪಾಯಿ ದೊಡ್ಡದಲ್ಲ ಎಂದು ನಾನು ಕೊಟ್ಟ ದಿನ ಆ ಕಿಟಕಿಯ ರೇಟು ಐನೂರಾಗುತ್ತದೆ, ನನ್ನ ಹಿಂದೆ ನಿಂತ ರೈತನಿಗೂ. ಸಂಬಳದಾರರು, ಸೈಟು ಮನೆ ಇರುವವರು, ಒಂದು ತಿಂಗಳು ಕಾದರೆ ಮುಳುಗದವರು ಈ ವಿಷಯದಲ್ಲಿ ಹೆಚ್ಚಿನ ಹೊಣೆ ಹೊರಬೇಕು ಎನ್ನುವುದಕ್ಕೆ ಇದೇ ಕಾರಣ. ನಿರಾಕರಿಸುವ ಶಕ್ತಿ ಯಾರಿಗೆ ಹೆಚ್ಚಿದೆಯೋ ಅವರ ಹೊಣೆಯೂ ಹೆಚ್ಚು.

ಲಂಚಕ್ಕೆ ನಗದು ಎಲ್ಲಿಂದ ಬರುತ್ತದೆ

ಲಂಚವನ್ನು ಚೆಕ್ಕಿನಲ್ಲಿ ಕೊಡಲಾಗದು. ಲೆಕ್ಕಕ್ಕೆ ಸಿಗದ ನಗದು ಬೇಕು. ಅದು ಹುಟ್ಟುವ ಜಾಗಗಳಲ್ಲಿ ನಮ್ಮ ಮಧ್ಯಮವರ್ಗಕ್ಕೆ ಅತಿ ಪರಿಚಿತವಾದದ್ದು ಸಬ್ ರಿಜಿಸ್ಟ್ರಾರ್ ಆಫೀಸು.

ಒಂದು ಮನೆಯ ನಿಜವಾದ ಬೆಲೆ 1 ಕೋಟಿ 20 ಲಕ್ಷ ಅಂದುಕೊಳ್ಳಿ. ಸರ್ಕಾರದ ಮಾರ್ಗಸೂಚಿ ದರದ ಪ್ರಕಾರ ಅದು 70 ಲಕ್ಷ. ಕ್ರಯಪತ್ರದಲ್ಲಿ 70 ಲಕ್ಷ ಬರೆಸುತ್ತಾರೆ, ಉಳಿದ 50 ಲಕ್ಷ ‘ಬ್ಲ್ಯಾಕ್’ನಲ್ಲಿ. ಕೊಳ್ಳುವವನಿಗೆ ಆ 50 ಲಕ್ಷದ ಮೇಲಿನ ಮುದ್ರಾಂಕ ಶುಲ್ಕ ಉಳಿಯಿತು. ಶೇ 5ರ ದರದಲ್ಲಿ ಅದೇ ಎರಡೂವರೆ ಲಕ್ಷ. ಮಾರುವವನಿಗೆ ತೆರಿಗೆ ಉಳಿಯಿತು. ಇಬ್ಬರೂ ಜಾಣರೆನಿಸಿಕೊಂಡರು. ಆದರೆ ಮಾರಿದವನ ಮನೆಯಲ್ಲಿ ಈಗ ಬ್ಯಾಂಕಿಗೆ ಕಟ್ಟಲಾಗದ 50 ಲಕ್ಷ ನಗದಿದೆ. ಅದನ್ನು ಅವನು ಮತ್ತೊಂದು ಸೈಟಿಗೆ ಬ್ಲ್ಯಾಕ್‌ನಲ್ಲಿ ಕೊಡಬಹುದು, ಮಗನ ಸೀಟಿಗೆ ಕೊಡಬಹುದು, ಪ್ಲ್ಯಾನ್ ಮಂಜೂರಿಗೆ ಕೊಡಬಹುದು, ಚುನಾವಣೆಗೆ ನಿಂತ ನೆಂಟನಿಗೂ ಕೊಡಬಹುದು. ಅತ್ತ ಲಂಚ ತೆಗೆದುಕೊಂಡ ಅಧಿಕಾರಿ ತನ್ನ ನಗದನ್ನು ಎಲ್ಲಿ ಅಡಗಿಸುತ್ತಾನೆ? ಅವನೂ ಸೈಟು ಕೊಳ್ಳುತ್ತಾನೆ, ಬ್ಲ್ಯಾಕ್ ಕೊಟ್ಟು. ನಾವು ಮಾಡಿಟ್ಟ ಪೇಟೆಯಲ್ಲೇ ಅವನ ಹಣಕ್ಕೂ ಜಾಗ ಸಿಗುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು 2015ರಲ್ಲೇ ಆದಾಯ ತೆರಿಗೆ ಕಾನೂನು ನಿಷೇಧಿಸಿತು. ಪಡೆದಷ್ಟೇ ಮೊತ್ತದ ದಂಡವನ್ನೂ ಇಟ್ಟಿತು. ಆದರೂ ‘ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು’ ಎಂಬ ಪ್ರಶ್ನೆ ಪೂಜೆ ಪುನಸ್ಕಾರ ಮಾಡುವ, ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವ ಮನೆಗಳ ಹಜಾರದಲ್ಲೇ ಕೇಳಿಬರುತ್ತದೆ.

ಇದರ ಜೊತೆಗೆ ಮದುವೆ ಮಾತುಕತೆಯನ್ನೂ ನೆನೆಯಬೇಕು. ಹುಡುಗನಿಗೆ ಸರ್ಕಾರಿ ಕೆಲಸ ಎಂದ ಕೂಡಲೇ ಸಂಬಳದ ಜೊತೆ ಗಿಂಬಳ ಎಷ್ಟು ಎಂದು ವಿಚಾರಿಸುವ ಹಿರಿಯರು ಇಂದಿಗೂ ಇದ್ದಾರೆ. ಯಾವ ಇಲಾಖೆ, ಯಾವ ಆಯಕಟ್ಟಿನ ಜಾಗ ಎಂಬುದರ ಮೇಲೆ ವರನ ತೂಕ ಏರುತ್ತದೆ. ಪ್ರಾಮಾಣಿಕನಾಗಿ ನಿವೃತ್ತನಾಗಿ ಬಾಡಿಗೆ ಮನೆಯಲ್ಲಿರುವ ತಹಸೀಲ್ದಾರನನ್ನು ‘ಬದುಕೋಕೆ ಬರದವನು’ ಎನ್ನುವವರೂ, ಮೂರು ಬಂಗಲೆ ಕಟ್ಟಿಸಿದವನನ್ನು ಜಾತ್ರೆಯ ವೇದಿಕೆಗೆ ಕರೆದು ಶಾಲು ಹೊದಿಸುವವರೂ ನಾವೇ. ಕಾನೂನಿನ ಶಿಕ್ಷೆ ಬರುವುದು ಎಷ್ಟೋ ವರ್ಷಗಳ ಮೇಲೆ. ಸಮಾಜದ ಸನ್ಮಾನ ಮಾತ್ರ ಕೂಡಲೇ ಸಿಗುತ್ತದೆ. ಮಗ ತಂದ ದುಡ್ಡು ಎಲ್ಲಿಯದೆಂದು ಮನೆಯವರೇ ಒಮ್ಮೆ ಗಟ್ಟಿಯಾಗಿ ಕೇಳಿದರೆ ಆಗುವ ಪರಿಣಾಮ ದೊಡ್ಡದು ಎಂದು ನಾನು ಬಲವಾಗಿ ನಂಬುತ್ತೇನೆ.

ಶಾಸಕರ ಮನೆ ಬಾಗಿಲಲ್ಲಿ

ಮತಕ್ಕೆ ಹಣ ಪಡೆಯುವುದನ್ನು ಕಾನೂನು ಲಂಚವೆಂದೇ ಕರೆಯುತ್ತದೆ. ಕೊಟ್ಟವನಂತೆ ಪಡೆದ ಮತದಾರನೂ ಒಂದು ವರ್ಷದವರೆಗಿನ ಜೈಲು ಶಿಕ್ಷೆಗೆ ಗುರಿಯಾಗಬಹುದು. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ನಗದು, ಮದ್ಯ, ಚಿನ್ನ, ಉಡುಗೊರೆ ಎಲ್ಲ ಸೇರಿ ವಶಪಡಿಸಿಕೊಂಡದ್ದರ ಮೌಲ್ಯ 375 ಕೋಟಿ ರೂಪಾಯಿ ದಾಟಿತ್ತು; 2018ರಲ್ಲಿ ಅದು ಸುಮಾರು 84 ಕೋಟಿ. ಇದು ಸಿಕ್ಕಿಬಿದ್ದದ್ದು ಮಾತ್ರ. ಅಭ್ಯರ್ಥಿಯೊಬ್ಬ ಕಾನೂನಿನಂತೆ ಖರ್ಚು ಮಾಡಬಹುದಾದದ್ದು 40 ಲಕ್ಷ. ಎರಡು ಲಕ್ಷ ಮತದಾರರಿರುವ ಕ್ಷೇತ್ರದಲ್ಲಿ ಅರ್ಧದಷ್ಟು ಜನರಿಗೆ ತಲಾ 500 ಹಂಚಿದರೂ 5 ಕೋಟಿ ಬೇಕು. ಗೆದ್ದವನು ಅದನ್ನು ವರ್ಗಾವಣೆಯಲ್ಲಿ, ಗುತ್ತಿಗೆಯ ಕಮಿಷನ್ನಿನಲ್ಲಿ ಎತ್ತಿಕೊಳ್ಳಲು ನೋಡುತ್ತಾನೆ. ವರ್ಗಾವಣೆಗೆ ಹಣ ಕಟ್ಟಿ ಬಂದ ಅಧಿಕಾರಿ ತನ್ನ ಕಿಟಕಿಯಲ್ಲಿ ಎತ್ತಿಕೊಳ್ಳುತ್ತಾನೆ. ಸುಲಿಗೆಯ ಲಂಚಕ್ಕೂ ನಾವು ಮತಕ್ಕೆ ಪಡೆದ ನೋಟಿಗೂ ಇರುವ ನೇರ ಸಂಬಂಧ ಇದು.

ಆದರೆ ಚುನಾವಣೆಯ ಹಿಂದಿನ ರಾತ್ರಿ ಹಂಚುವ ಹಣಕ್ಕಿಂತ, ಉಳಿದ ಐದು ವರ್ಷ ನಡೆಯುವುದು ಹೆಚ್ಚು ಮುಖ್ಯ ಎಂದು ನನಗನಿಸುತ್ತದೆ. ಯಾವುದೇ ಶಾಸಕರ ಮನೆಯ ಮುಂದೆ ಬೆಳಿಗ್ಗೆ ನಿಂತು ನೋಡಿ. ಮಗಳ ಮದುವೆಗೆ ಸಹಾಯ, ಆಸ್ಪತ್ರೆಯ ಬಿಲ್ಲು, ಊರಹಬ್ಬಕ್ಕೆ ಆರ್ಕೆಸ್ಟ್ರಾ, ಗಣೇಶನ ಪೆಂಡಾಲು, ಯುವಕ ಸಂಘದ ಕಬಡ್ಡಿ ಟೂರ್ನಮೆಂಟಿನ ಬಹುಮಾನ, ದೇವಸ್ಥಾನದ ಗೋಪುರ. ಬಂದವರಲ್ಲಿ ಬಹಳಷ್ಟು ಜನ ನಿಜವಾದ ಕಷ್ಟದಲ್ಲಿರುವವರೇ. ಸರ್ಕಾರಿ ಆಸ್ಪತ್ರೆ ಸರಿಯಾಗಿದ್ದರೆ ಬಿಲ್ಲು ಹಿಡಿದು ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಶಾಸಕ ಇದನ್ನೆಲ್ಲ ತನ್ನ ಸಂಬಳದಿಂದ ಕೊಡಲಾರ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೇಳುತ್ತೇವೆ, ಕೊಡದವನನ್ನು ‘ಕೈ ಬಿಗಿ, ಜನರ ಜೊತೆ ಬೆರೆಯಲ್ಲ’ ಎಂದು ಸೋಲಿಸುತ್ತೇವೆ. ವಿಧಾನಸಭೆಯಲ್ಲಿ ಬಜೆಟ್ ಓದಿ ಪ್ರಶ್ನೆ ಕೇಳಿದ ಶಾಸಕನಿಗೆ ಇದರಿಂದ ಒಂದು ವೋಟೂ ಹೆಚ್ಚು ಬೀಳದಿದ್ದರೆ, ಅವನು ಆ ಕೆಲಸ ಯಾಕೆ ಮಾಡುತ್ತಾನೆ?

ಕಾನೂನು ಕೊಟ್ಟಿರುವ ಏಳು ದಿನ

1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಅದಕ್ಕೆ ಮುಂಚೆ ಕೊಟ್ಟವನನ್ನು ಪ್ರಚೋದಕ ಎಂಬ ನೆಲೆಯಲ್ಲಿ ಹಿಡಿಯಬೇಕಿತ್ತು. ಈಗ ಲಂಚ ಕೊಡುವುದೇ ಸ್ವತಂತ್ರ ಅಪರಾಧ, ಏಳು ವರ್ಷದವರೆಗೆ ಜೈಲು. ತೆಗೆದುಕೊಂಡ ಸರ್ಕಾರಿ ನೌಕರನಿಗೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ. ಬಲವಂತಕ್ಕೆ ಸಿಕ್ಕಿ ಕೊಟ್ಟವರಿಗೆ ಕಾನೂನು ಒಂದು ದಾರಿ ಬಿಟ್ಟಿದೆ: ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರು ಅಪರಾಧಿಗಳಲ್ಲ. ಕೊಡುವ ಮೊದಲೇ ತಿಳಿಸಿ, ಅವರಿಗೆ ನೆರವಾಗಲು ಕೊಟ್ಟರೆ ಅದೂ ಅಪರಾಧವಲ್ಲ.

ಲೋಕಾಯುಕ್ತ ಪೊಲೀಸರ ಬಲೆ ನಿಂತಿರುವುದು ಈ ಎರಡನೆಯ ದಾರಿಯ ಮೇಲೆ. ದೂರುದಾರ ತರುವ ನೋಟುಗಳ ನಂಬರ್ ಬರೆದುಕೊಂಡು ಅವಕ್ಕೆ ಫಿನಾಫ್ಥಲೀನ್ ಪುಡಿ ಸವರುತ್ತಾರೆ. ಪಂಚರು ಸಾಕ್ಷಿಗಳಾಗಿ ಜೊತೆಗಿರುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಮೊದಲಿಗೆ ಒಬ್ಬ ನಾಗರಿಕ ಹೋಗಿ ದೂರು ಕೊಡಬೇಕು, ಆಮೇಲೆ ವರ್ಷಗಟ್ಟಲೆ ಕೋರ್ಟಿನಲ್ಲಿ ಅದೇ ಮಾತಿಗೆ ನಿಲ್ಲಬೇಕು. ದೂರುದಾರ ಸತ್ತರೂ, ಉಲ್ಟಾ ಹೊಡೆದರೂ, ಸಂದರ್ಭಸಾಕ್ಷ್ಯದಿಂದ ಅಪರಾಧ ಸಾಬೀತುಪಡಿಸಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಬೇಕಾಗಿ ಬಂತು. ಮಾತು ಬದಲಿಸುವ ದೂರುದಾರರು ಅಷ್ಟು ಹೆಚ್ಚು. ಕಾರಣ ಹೆದರಿಕೆಯೂ ಹೌದು, ರಾಜಿಯೂ ಹೌದು.

ದೂರು ಕೊಡುವ ಧೈರ್ಯ ಎಲ್ಲರಿಗೂ ಬರಲಿ ಎಂದು ನಾನು ಹೇಳಲಾರೆ. ಅದಕ್ಕಿಂತ ಕೆಳಗಿನ ಮೆಟ್ಟಿಲುಗಳೂ ಇವೆ. ಸರ್ಕಾರಿ ಸೇವೆಗಳನ್ನು ಇಂತಿಷ್ಟು ದಿನದೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2011ರದು. ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯುವುದು, ಅವಧಿ ಮೀರಿದರೆ ಮೇಲ್ಮನವಿ ಹಾಕುವುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವುದು ನಮ್ಮ ಹಕ್ಕು. ಮೊತ್ತ ಚಿಕ್ಕದು, ಆದರೆ ಅದು ತಡಮಾಡಿದ ಅಧಿಕಾರಿಯ ಹೊಣೆಯಾಗಿ ಬರುತ್ತದೆ. ಆ ಪರಿಹಾರ ಕೇಳಿ ಪಡೆದೆ ಎನ್ನುವವರು ನನಗೆ ಸಿಕ್ಕಿದ್ದು ತೀರ ಅಪರೂಪ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಗೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ವ್ಯವಸ್ಥೆ ಬದಲಾದರೆ ಜನ ಬದಲಾಗುತ್ತಾರೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ: 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರ್‌ಗೆ ಏರಿದ ಮೇಲೆ, ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಸುತ್ತುವುದು ತಪ್ಪಿತು. ಹಾಗೆಂದು ಎಲ್ಲವನ್ನೂ ಕಂಪ್ಯೂಟರ್ ಮಾಡಲಾರದು. ಜಮೀನು ಭಾಗ ಮಾಡಿ ಗುರುತಿಸುವ ಪೋಡಿಗೆ, ಅಳತೆಗೆ ಇನ್ನೂ ಮನುಷ್ಯನೇ ಹೊಲಕ್ಕೆ ಬರಬೇಕು.

ಒಬ್ಬೊಬ್ಬರೇ ನಿಂತರೆ ಹೆದರಿಕೆ ಸಹಜ. ಮಾಹಿತಿ ಹಕ್ಕಿನ ಕಾಯ್ದೆ ಹುಟ್ಟಿದ್ದೇ ಜನ ಗುಂಪಾಗಿ ಕೂತದ್ದರಿಂದ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾ ಎಂಬ ಊರಿನಲ್ಲಿ ಮೊದಲ ಜನಸುನವಾಯಿ, ಅಂದರೆ ಜನರೆದುರಿನ ವಿಚಾರಣಾ ಸಭೆ, ನಡೆಸಿತು. ಕಾಮಗಾರಿಯ ಮಸ್ಟರ್ ರೋಲ್‌ಗಳನ್ನು (ಕೂಲಿಯವರ ಹಾಜರಿ ಪಟ್ಟಿಗಳನ್ನು) ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸ ಮಾಡದವರ ಹೆಸರಿನಲ್ಲಿ ಕೂಲಿ ಬರೆದದ್ದು, ನಡೆಯದ ಕಾಮಗಾರಿಗೆ ಬಿಲ್ಲಾದದ್ದು ಊರವರ ಬಾಯಿಂದಲೇ ಬಯಲಾಯಿತು. ಅಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಓದು ಬಾರದು. ತಾವು ಎಷ್ಟು ದಿನ ದುಡಿದೆವು, ಎಷ್ಟು ಸಿಕ್ಕಿತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಇಂಥ ಸಭೆಗಳು ಒಂದರ ಹಿಂದೆ ಒಂದು ನಡೆದು, 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿಯಾಗಿ, 2005ರಲ್ಲಿ ದೇಶದ ಕಾಯ್ದೆಯಾಯಿತು. ಅದೇ ವರ್ಷ ಬಂದ ಉದ್ಯೋಗ ಖಾತ್ರಿ ಕಾಯ್ದೆಯಲ್ಲೂ ಗ್ರಾಮಸಭೆಯೇ ಲೆಕ್ಕ ಪರಿಶೋಧಿಸಬೇಕು ಎಂದು ಬರೆಯಲಾಯಿತು.

ನಮ್ಮ ಪಂಚಾಯಿತಿಗಳಲ್ಲೂ ಗ್ರಾಮಸಭೆ ನಡೆಯುತ್ತದೆ. ಎಷ್ಟೋ ಕಡೆ ಕಾರ್ಯದರ್ಶಿ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡರೆ ಸಭೆ ಮುಗಿಯಿತು, ಸಹಿ ಹಾಕಿದವರೂ ಅದರಲ್ಲಿ ಏನಿದೆ ಎಂದು ಓದುವುದಿಲ್ಲ. ಈ ಸಲ ಪುಸ್ತಕ ಬಂದಾಗ ಸಹಿ ಹಾಕದೆ, ಸಭೆ ಯಾವಾಗ ಎಂದು ಕೇಳಿ. ಹತ್ತು ಮನೆಯವರು ಒಟ್ಟಿಗೆ ಹೋಗಿ, ನಿಮ್ಮ ಬೀದಿಯ ಚರಂಡಿಗೆ ಎಷ್ಟು ಹಣ ಮಂಜೂರಾಗಿತ್ತು, ಎಷ್ಟು ಮೀಟರ್ ಕಟ್ಟಿದರು ಎಂದು ಕೇಳಿ, ಟೇಪು ಹಿಡಿದು ಅಳೆಯಿರಿ.